ಅಕ್ಕನಿಗೆ ಬೇಡವಾದದ್ದು

ಅಕ್ಕನಿಗೆ ಜಿಪುಣಿ ಎಂದು ಹೆಸರಿಟ್ಟವರು ಮನೆಯವರಲ್ಲ. ಮನೆಯ ಮಟ್ಟಿಗೆ ಅವಳದು ಧಾರಾಳ ಕೈ. ಅಮ್ಮನ ಕನ್ನಡಕದಿಂದ ಹಿಡಿದು ತಮ್ಮನ ಬೂಟಿನವರೆಗೆ ಕೇಳುವ ಮೊದಲೇ ತಂದಿಡುವವಳು. ಆ ಹೆಸರನ್ನು ಇಟ್ಟವರು ಎಲ್ಲೆಲ್ಲೋ ಕೂತು ಅವಳ ಜೊತೆ ಪುಕ್ಕಟೆ ಕೆಲಸ ಮಾಡುವ ಪ್ರೋಗ್ರಾಮರುಗಳು. ಅವರಲ್ಲಿ ಅರ್ಧಕ್ಕರ್ಧ ಜನರನ್ನು ಅವಳು ಕಣ್ಣಲ್ಲಿ ಕಂಡಿರಲಿಲ್ಲ. ಹೆಸರು ಬಂದದ್ದು ಪಡಿಯಚ್ಚಿನಿಂದ.

ಪಡಿಯಚ್ಚು ಎಂದರೆ ಅಕ್ಕ ಬರೆದ ಸಾಫ್ಟ್‌ವೇರು. ಕಾರ್ಡು, ಚೀಟಿ, ಪ್ರಮಾಣಪತ್ರ, ಬಾಗಿಲಿಗೆ ಅಂಟಿಸುವ ಫಲಕ ಯಾವುದೇ ಇರಲಿ, ಅದರ ಟೆಂಪ್ಲೇಟನ್ನು ಒಮ್ಮೆ ಮಾಡಿಟ್ಟು ಹೆಸರುಗಳನ್ನು ಸುರಿದರೆ ಸಾಕು, ಒಬ್ಬೊಬ್ಬರಿಗೆ ಒಂದೊಂದು ತಯಾರಾಗಿ ಪ್ರಿಂಟರಿನಿಂದ ಹೊರಗೆ ಬೀಳುತ್ತದೆ. ಓಪನ್ ಸೋರ್ಸ್ ಆದ್ದರಿಂದ ಕಾಸು ಕೇಳುವವರಿಲ್ಲ. ಯಾರು ಬೇಕಾದರೂ ಬಳಸಬಹುದು, ಒಳಗಿನ ಕೋಡು ಬಿಚ್ಚಿ ನೋಡಬಹುದು, ಮನಸ್ಸಾದರೆ ಅಷ್ಟನ್ನೂ ಎತ್ತಿಕೊಂಡು ಹೋಗಿ ಬೇರೆ ಸಂಸಾರ ಹೂಡಬಹುದು.

ಅಕ್ಕನ ಜಿಪುಣತನವೆಲ್ಲ ಲೈಬ್ರರಿಗಳ ವಿಷಯದಲ್ಲಿ. ಈ ಕಸುಬಿನವರ ಬಾಯಲ್ಲಿ ಲೈಬ್ರರಿ ಎಂದರೆ ಪುಸ್ತಕದ ಮನೆಯಲ್ಲ, ಬೇರೆ ಯಾರೋ ಬರೆದಿಟ್ಟ ಸಿದ್ಧ ಕೋಡು. ಎಲ್ಲವನ್ನೂ ನಾವೇ ಬರೆಯುವ ಬದಲು ಅದನ್ನು ಕರೆದುಕೊಂಡರೆ ಕೆಲಸ ಹಗುರ. ಆದರೆ ಕರೆದದ್ದು ಒಬ್ಬರನ್ನಾದರೂ ಬರುವುದು ಒಬ್ಬರೇ ಅಲ್ಲ. ಆ ಲೈಬ್ರರಿಗೆ ಇನ್ನೊಂದು ಬೇಕು, ಇನ್ನೊಂದಕ್ಕೆ ಮತ್ತೆರಡು ಬೇಕು. ಸೊಸೆ ತಂದ ಮನೆಗೆ ಬೀಗರು ಹಾಸಿಗೆ ಸಮೇತ ಬಂದಿಳಿದ ಹಾಗೆ.

ಹಿಂದೊಮ್ಮೆ ಅಕ್ಕನೂ ಉದಾರಿಯೇ ಆಗಿದ್ದಳು. ತಾರೀಖು ಬರೆಯುವುದಕ್ಕೆಂದು ಒಂದು ಪುಟ್ಟ ಲೈಬ್ರರಿಯನ್ನು ಸೇರಿಸಿಕೊಂಡಿದ್ದಳು. ಅದರ ಒಡೆಯ ಒಂದು ಬೆಳಗ್ಗೆ ತನ್ನ ಕೋಡಿನಲ್ಲಿ ಏನನ್ನೋ ಬದಲಾಯಿಸಿದ. ಅಷ್ಟಕ್ಕೇ ಪಡಿಯಚ್ಚಿನ ಕಾರ್ಡುಗಳಲ್ಲೆಲ್ಲ ತಿಂಗಳು ಒಂದು ಹಿಂದಕ್ಕೆ ಸರಿಯಿತು. ಯಾರದೋ ಮದುವೆಗೆ ಜನ ಮುಂಚೆಯೇ ಸಿಂಗರಿಸಿಕೊಂಡು ಬಂದು ಬೀಗ ಹಾಕಿದ ಸಭಾಂಗಣದ ಮುಂದೆ ನಿಂತರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಂದಿನಿಂದ ಅಕ್ಕ ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕಾದಳು. ಹೊರಗಿನ ಲೈಬ್ರರಿಗಳನ್ನೆಲ್ಲ ಕಿತ್ತು ಹಾಕಿ, ಇದ್ದಬದ್ದದ್ದನ್ನೆಲ್ಲ ಸ್ವಂತ ಕೈಯಲ್ಲಿ ಬರೆದಳು. ಆಮೇಲೆ ಯಾರು ಯಾವ ಹೊಸ ಸೌಲಭ್ಯ ಹೊತ್ತು ತಂದರೂ, ಅದರ ಹಿಂದೆ ಲೈಬ್ರರಿ ಇದೆಯೆಂದರೆ ಉತ್ತರ ಒಂದೇ ಪದ. ಬೇಡ.

ಇನ್ನೊಂದು ಕಟ್ಟಳೆಯೂ ಇತ್ತು. ಪಡಿಯಚ್ಚನ್ನು ತಿದ್ದಿ ಹೊರತಂದ ಯಾವ ಹೊಸ ವರ್ಷನ್ ಆದರೂ ಮೊದಲು ಅಜ್ಜನ ಮೇಲೆ ಓಡಬೇಕು. ಅಜ್ಜ ಎಂದರೆ ಅಮ್ಮನ ಜೆರಾಕ್ಸ್ ಅಂಗಡಿಯ ಕಂಪ್ಯೂಟರು. ಸ್ವಿಚ್ಚು ಒತ್ತಿ, ಅಂಗಡಿ ಗುಡಿಸಿ, ಗಾಜು ಒರೆಸಿ ಬರುವಷ್ಟರಲ್ಲಿ ಮೆಲ್ಲಗೆ ಕಣ್ಣು ಬಿಡುತ್ತದೆ. ಮಧ್ಯಾಹ್ನವಾದರೆ ಫ್ಯಾನು ಗೊರಕೆ ಹೊಡೆಯುತ್ತದೆ. ಸಣ್ಣ ಬೀದಿಯ ಸಣ್ಣ ಅಂಗಡಿಗಳಲ್ಲಿ ಇರುವುದು ಇಂಥ ಅಜ್ಜಂದಿರೇ, ಅವರನ್ನು ಬಿಟ್ಟು ನಾವು ಓಡುವಂತಿಲ್ಲ ಎಂಬುದು ಅಕ್ಕನ ವಾದ. ಅದರಲ್ಲಿ ತಪ್ಪೇನೂ ಇರಲಿಲ್ಲ ಎನ್ನಿ.

ಅಕ್ಕನಿಗೆ ವಾರವೆಲ್ಲ ನೀರು ಸರಬರಾಜು ಕಚೇರಿಯಲ್ಲಿ ಕೆಲಸ. ತಮ್ಮನಿಗೆ ಅಮ್ಮನ ಜೊತೆ ಅಂಗಡಿಯಲ್ಲಿ. ಭಾನುವಾರ ಬೆಳಗ್ಗೆ ಇಬ್ಬರೂ ಊಟದ ಮೇಜಿನ ಆಚೆ ಒಬ್ಬರು, ಈಚೆ ಒಬ್ಬರು ಲ್ಯಾಪ್‌ಟಾಪು ತೆರೆದು ಕೂತರೆ ಅದೇ ಪಡಿಯಚ್ಚಿನ ಪ್ರಧಾನ ಕಚೇರಿ. ಅಮ್ಮ ಅಲ್ಲೇ ತರಕಾರಿ ಹೆಚ್ಚುತ್ತ ಎರಡೂ ಪಕ್ಷಕ್ಕೆ ಚಹಾ ಸರಬರಾಜು ಮಾಡುತ್ತಿದ್ದಳು.

ಅಂಥದೊಂದು ಭಾನುವಾರ ತಮ್ಮ ಗಂಟಲು ಸರಿಮಾಡಿಕೊಂಡ. ಅವನ ಬಲ ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಸುತ್ತಿತ್ತು.

"ಅಕ್ಕಾ, ಕಾರ್ಡಿಗೆ ಫೋಟೋ ಹಾಕೋದಿದೆಯಲ್ಲ, ಅದಕ್ಕೊಂದು ಹೊಸದು ಬರೆದಿದ್ದೀನಿ. ಫೋಟೋದಲ್ಲಿ ಮುಖ ಎಲ್ಲಿದೆ ಅಂತ ತಾನೇ ಹುಡುಕಿ, ಸುತ್ತ ಕತ್ತರಿಸಿ, ಚೌಕಟ್ಟಿಗೆ ಕೂರಿಸುತ್ತೆ. ಈಗ ಅಂಗಡೀಲಿ ಒಂದೊಂದು ಮುಖಾನೂ ನಾನೇ ಮೌಸ್ ಹಿಡಿದು ಕತ್ತರಿಸ್ತಾ ಇದ್ದೀನಿ."

"ಲೈಬ್ರರಿ ಬೇಕಾ?"

"ಒಂದೇ ಒಂದು."

ಅಕ್ಕ ಹುಬ್ಬು ಹಾರಿಸಿದಳು. ಯಾವ ಲೈಬ್ರರಿ ಬಂದರೂ ಅದರ ವಂಶಾವಳಿ ತೆಗೆದು ಜೋರಾಗಿ ಓದುವುದು ಅವಳ ಪದ್ಧತಿ. ಹುಡುಗನ ಕಡೆಯವರು ಹೆಣ್ಣು ನೋಡಲು ಬಂದಾಗಲೂ ಇಷ್ಟು ವಿಚಾರಣೆ ನಡೆಯುವುದಿಲ್ಲ.

"ಒಂದೇ ಒಂದಾ? ಇದು ಚಿತ್ರ ತೆರೆಯೋದಕ್ಕೆ. ಇದು ಲೆಕ್ಕಕ್ಕೆ. ಇದು ಅಕ್ಷರಕ್ಕೆ ಬಣ್ಣ ಬಳಿಯೋದಕ್ಕೆ. ಮುಖ ಹುಡುಕೋದಕ್ಕೂ ಅಕ್ಷರದ ಬಣ್ಣಕ್ಕೂ ಏನೋ ಸಂಬಂಧ? ಇದು ನೋಡು, ಒಂದು ಸಂಖ್ಯೆ ಸಮವೋ ಬೆಸವೋ ಅಂತ ಹೇಳೋದಕ್ಕೇ ಒಂದು ಲೈಬ್ರರಿ! ಅದಕ್ಕೆ ಇನ್ನೊಂದರ ಸಹಾಯ ಬೇರೆ! ಬೀದೀಲಿ ಹೋಗೋ ಮಾರೀನ ಮನೆಗೆ ಕರ್ಕೊಂಡು ಬರ್ತೀಯಲ್ಲೋ."

ಅಮ್ಮ ಕಿಸಕ್ಕನೆ ನಕ್ಕಳು. ತಮ್ಮ ನಗಲಿಲ್ಲ.

"ಹಾಗಾದ್ರೆ?"

"ಬೇಡ."

ತಮ್ಮ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ. ಅವನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

"ಇಷ್ಟು ವರ್ಷದಲ್ಲಿ ನಾನು ತಂದದ್ದು ಯಾವುದನ್ನಾದ್ರೂ ಹ್ಞೂಂ ಅಂದಿದ್ದೀಯಾ? ಕೋಡು ಎಲ್ಲರದೂ ತಾನೇ. ನಾನು ಬೇರೆ ಆಗಿಬಿಡ್ತೀನಿ ಅಕ್ಕ. ನನ್ನದೇ ಒಂದು ಮಾಡ್ಕೊತೀನಿ."

ಹೆಚ್ಚುತ್ತಿದ್ದ ಅಮ್ಮನ ಕೈ ನಿಂತಿತು. ಎಲ್ಲೆಲ್ಲಿನವರೋ ಬೇರೆಯಾಗಿ ಹೋದಾಗ ಅಕ್ಕ ಶುಭವಾಗಲಿ ಎಂದು ಎರಡು ಸಾಲು ಬರೆದು ಕೈ ತೊಳೆದುಕೊಂಡಿದ್ದಳು. ಆದರೆ ಮೇಜಿನ ಆ ಬದಿ ಖಾಲಿಯಾದರೆ ಭಾನುವಾರವನ್ನು ಏನು ಮಾಡುವುದು? ಅದನ್ನು ಬಾಯಿಬಿಟ್ಟು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹಟಕ್ಕೆ ಬಿದ್ದವರ ನಾಲಿಗೆ ಬೇರೆಯದನ್ನೇ ಹೇಳುತ್ತದೆ.

"ಮುಂದಿನ ಭಾನುವಾರದವರೆಗೆ ಟೈಮ್ ಕೊಡು. ಮುಖ ಹುಡುಕೋದು ತಾನೇ? ಒಂದೂ ಲೈಬ್ರರಿ ಇಲ್ಲದೆ ನಾನೇ ಬರೀತೀನಿ."

"ಆಗಲಿಲ್ಲ ಅಂದ್ರೆ?"

"ಆಗಲಿಲ್ಲ ಅಂದ್ರೆ ನಿನ್ನಿಷ್ಟ."

"ಮಾತು ಮಾತೇ," ಎಂದ ತಮ್ಮ.

ಆ ವಾರ ಅಕ್ಕ ಮುಖದ ಬಗ್ಗೆ ಯೋಚಿಸಿದಷ್ಟು ಕನ್ನಡಿ ಮುಂದೆ ನಿಂತಾಗಲೂ ಯೋಚಿಸಿರಲಿಲ್ಲ. ಬಸ್ಸಿನಲ್ಲಿ ಎದುರಿಗೆ ಕೂತವರನ್ನು ದಿಟ್ಟಿಸಿ ನೋಡಿ ಬೈಸಿಕೊಂಡಳು. ಕೊನೆಗೆ ಒಂದು ಸೂತ್ರ ಹೊಳೆಯಿತು. ಮುಖವೆಂದರೆ ಏನು? ಚಿತ್ರದ ಮೇಲರ್ಧದಲ್ಲಿ, ದುಂಡಗೆ, ಸುತ್ತಲಿನದಕ್ಕಿಂತ ಬೇರೆ ಬಣ್ಣದ್ದು, ಒಳಗೆ ಒಂದೆರಡು ಕಪ್ಪು ಗುರುತು. ಇಷ್ಟನ್ನು ಚೊಕ್ಕವಾಗಿ ಕೋಡಿಗಿಳಿಸಿ ಮನೆಯ ಆಲ್ಬಮ್ಮಿನ ಮೇಲೆ ಪ್ರಯೋಗಿಸಿದಳು. ಅಮ್ಮ ಸಿಕ್ಕಳು, ತಮ್ಮ ಸಿಕ್ಕ, ಚಿಕ್ಕಪ್ಪ ಸಿಕ್ಕರು. ಸೋದರತ್ತೆ ಮಾತ್ರ ಟೋಪಿ ಹಾಕಿಕೊಂಡು ತಪ್ಪಿಸಿಕೊಂಡಿದ್ದರು. ಅದನ್ನು ಸರಿಮಾಡಿದ ಮೇಲೆ ಅವರೂ ಸಿಕ್ಕರು.

ಭಾನುವಾರ ಅಂಗಡಿ ತೆರೆದು ಅಜ್ಜನ ಮೇಲೆ ಓಡಿಸಿದರು. ಅಜ್ಜ ಒಮ್ಮೆಯೂ ಕೆಮ್ಮಲಿಲ್ಲ. ಅಕ್ಕನ ಮುಖ ಊರಗಲವಾಯಿತು.

"ನೋಡಿದ್ಯಾ?"

"ನೋಡಿದೆ. ಚೆನ್ನಾಗಿದೆ," ಎಂದ ತಮ್ಮ. ಅಷ್ಟೇ ಹೇಳಿ ಅಂಗಡಿಯ ಷಟರು ಎಳೆದ. ಗೆದ್ದವಳು ತಾನೇ ಆದರೂ ಅಕ್ಕನಿಗೆ ದಾರಿಯುದ್ದಕ್ಕೂ ಏನೋ ಕಸಿವಿಸಿ.

ಮರುದಿನ ಬಸ್ ಚಾಲಕರ ಸಂಘದ ಗುರುತಿನ ಚೀಟಿಗಳು ಆಗಬೇಕಿತ್ತು. ಅವಿಲ್ಲದೆ ಇನ್ನು ಮುಂದೆ ಡಿಪೋ ಗೇಟಿನೊಳಗೆ ಯಾರನ್ನೂ ಬಿಡುವುದಿಲ್ಲವಂತೆ. ಸಂಘದವರೇ ವಿಶ್ರಾಂತಿ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಗೋಡೆಗೆ ನಿಲ್ಲಿಸಿ ಫೋಟೋ ತೆಗೆದು ಕಳಿಸಿದ್ದರು. ತಮ್ಮ ಪೇಪರು ತರಲು ಹೋಗಿದ್ದ. ಅಮ್ಮ ಮಗಳ ಹೊಸ ವಿದ್ಯೆಯ ಹುಮ್ಮಸ್ಸಿನಲ್ಲಿ ಗುಂಡಿ ಒತ್ತಿದಳು, ಬಿದ್ದದ್ದನ್ನೆಲ್ಲ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದಳು. ಗಿರಾಕಿಗಳ ಗದ್ದಲದಲ್ಲಿ ತಿರುವಿ ನೋಡಲು ಪುರುಸೊತ್ತೆಲ್ಲಿ?

ಸಂಜೆ ಅಕ್ಕನ ಫೋನು ಹೊಡೆದುಕೊಂಡಿತು. ಅಮ್ಮ ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. "ಮಗಳೇ, ಇದ್ದ ಹಾಗೇ ಬಾ," ಎಂದಷ್ಟೇ ಅರ್ಥವಾಯಿತು.

ಅಂಗಡಿಯಲ್ಲಿ ಸಂಘದ ಕಾರ್ಯದರ್ಶಿ ನಿಂತಿದ್ದರು. ಪೊದೆ ಮೀಸೆ, ಗಂಭೀರ ಮನುಷ್ಯ. ಚೀಟಿಗಳನ್ನು ಇಸ್ಪೀಟು ಎಲೆಯಂತೆ ಒಂದೊಂದಾಗಿ ಗಾಜಿನ ಮೇಲೆ ಇಡುತ್ತಿದ್ದರು.

"ಬನ್ನಿ ಮೇಡಂ. ಇದು ನಾನು. ಹತ್ತು ಗಂಟೆ. ಇವನು ನಮ್ಮ ಖಜಾಂಚಿ, ಹತ್ತೂಕಾಲು. ಇವನು ಊಟ ಆದ್ಮೇಲೆ ಬಂದವನು, ನೋಡಿ, ಎರಡು ಗಂಟೆ."

ಚೀಟಿಯಲ್ಲಿ ಹೆಸರು ಸರಿಯಾಗಿತ್ತು, ವಿಳಾಸ ಸರಿಯಾಗಿತ್ತು. ಮುಖ ಇರಬೇಕಾದಲ್ಲಿ ಒಂದು ಗೋಡೆ ಗಡಿಯಾರವಿತ್ತು. ಹೆಚ್ಚುಕಡಿಮೆ ಎಲ್ಲರ ಚೀಟಿಯಲ್ಲೂ ಅದೇ ಗಡಿಯಾರ. ಅವರೆಲ್ಲ ನಿಂತದ್ದು ವಿಶ್ರಾಂತಿ ಕೋಣೆಯ ಗಡಿಯಾರದ ಕೆಳಗೆ. ಮೇಲರ್ಧದಲ್ಲಿದೆ, ದುಂಡಗಿದೆ, ಬಣ್ಣ ಬೇರೆಯಿದೆ, ಒಳಗೆ ಕಪ್ಪು ಮುಳ್ಳು ಎರಡಿವೆ. ಅಕ್ಕನ ಸೂತ್ರದ ಪ್ರಕಾರ ಆ ಕೋಣೆಯಲ್ಲಿ ಅದಕ್ಕಿಂತ ಲಕ್ಷಣವಾದ ಮುಖ ಇನ್ನೊಂದಿರಲಿಲ್ಲ. ಒಬ್ಬನೇ ಒಬ್ಬನ ಮುಖ ಸರಿಯಾಗಿ ಬಂದಿತ್ತು. ಅವನು ಎಷ್ಟು ಎತ್ತರದವನೆಂದರೆ ಅವನ ತಲೆ ಗಡಿಯಾರಕ್ಕೆ ಅಡ್ಡ ಬಂದಿತ್ತು.

"ನಮ್ಮ ಹುಡುಗರು ಟೈಮಿಗೆ ಸರಿಯಾಗಿ ಬರಲ್ಲ ಅಂತ ಜನ ದೂರೋದು ಗೊತ್ತು," ಎಂದರು ಕಾರ್ಯದರ್ಶಿ. "ಆದರೆ ಚೀಟೀಲೇ ಟೈಮ್ ಹಾಕಿ ಕೊಡ್ತೀರಿ ಅಂದ್ಕೊಂಡಿರಲಿಲ್ಲ."

ಅವರ ಮೀಸೆ ಅದುರಿತು. ಅಷ್ಟಕ್ಕೇ ಕಾದಿದ್ದಂತೆ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಜೆರಾಕ್ಸ್ ಯಂತ್ರಕ್ಕೆ ಒರಗಿದಳು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಅಕ್ಕ ಪೆಚ್ಚುಮೋರೆ ಹಾಕಿಕೊಂಡು ನಿಂತಳು. ಬೆಳಗ್ಗೆಯೊಳಗೆ ಬೇರೆ ಚೀಟಿ ಕೊಡುತ್ತೇವೆಂದು ಅಮ್ಮ ಮಾತು ಕೊಟ್ಟಳು. ಕಾರ್ಯದರ್ಶಿ ತಮ್ಮ ಹತ್ತು ಗಂಟೆಯ ಚೀಟಿಯನ್ನು ಹೆಂಡತಿಗೆ ತೋರಿಸಬೇಕೆಂದು ಜೇಬಿನಲ್ಲಿಟ್ಟುಕೊಂಡು ಹೋದರು.

ಅಕ್ಕನಲ್ಲದೆ ನಗದವನು ಇನ್ನೊಬ್ಬನಿದ್ದ. ತಮ್ಮ ಮೂಲೆಯಲ್ಲಿ ಅಜ್ಜನ ಮುಂದೆ ಕೂತು ಆಗಲೇ ಒಂದೊಂದೇ ಮುಖವನ್ನು ಕೈಯಾರೆ ಕತ್ತರಿಸುತ್ತಿದ್ದ. ಮೌಸು ಹಿಡಿದು ಎಳೆ, ಬಿಡು, ಸರಿಸು, ಒತ್ತು. ಪ್ರತಿ ಸಲ ಎಳೆಯುವಾಗಲೂ ಪಟ್ಟಿ ಸುತ್ತಿದ ಮಣಿಕಟ್ಟಿನ ನೋವಿಗೆ ಅವನ ಹುಬ್ಬು ಗಂಟಿಕ್ಕುತ್ತಿತ್ತು. ನಾನು ಹೇಳಿರಲಿಲ್ಲವೇ ಎಂಬ ಒಂದು ಮಾತಿಲ್ಲ, ಒಂದು ನೋಟವೂ ಇಲ್ಲ. ಆ ಪಟ್ಟಿ ಎಷ್ಟು ಕಾಲದಿಂದ ಅಲ್ಲಿತ್ತು? ಅಕ್ಕ ಅದನ್ನು ನೋಡಿದ್ದಳು, ಏಕೆಂದು ಕೇಳಿರಲಿಲ್ಲ.

"ಏಳು, ನಾನು ಮಾಡ್ತೀನಿ," ಎಂದಳು.

ಅವನು ಎದ್ದು ಜಾಗ ಕೊಟ್ಟ. ಅರ್ಧ ಸಂಘ ಮುಗಿಯುವಷ್ಟರಲ್ಲಿ ಅವಳ ಬೆರಳು ಮರಗಟ್ಟಿ, ನೋವು ಮೊಣಕೈಗೆ ಏರಿತ್ತು. ಇದನ್ನು ಅವನು ದಿನಾ ಮಾಡುತ್ತಿದ್ದ. ಅಷ್ಟೂ ಮುಗಿಸಿದ ಮೇಲೆ ಅವಳು ತನ್ನ ಸೂತ್ರದ ಕೋಡನ್ನು ತೆರೆದು, ನಾಚಿಕೆಯಿಂದ, ಬೇರು ಸಮೇತ ಅಳಿಸಿ ಹಾಕಿದಳು.

"ನಿನ್ನ ಲೈಬ್ರರಿ ತಗೊಂಡು ಬಾ," ಎಂದಳು. "ಮತ್ತೆ... ಬೇರೆ ಹೋಗಬೇಡ ಕಣೋ."

ಕತ್ತರಿಸಿದ ಚೀಟಿಗಳ ಅಂಚನ್ನು ಸರಿಮಾಡುತ್ತ ತಮ್ಮ ಹೇಳಿದ, "ಮಾತು ಮಾತೇ ಅಂದಿದ್ದೆವು. ಇರಲಿ, ಮೊದಲು ಈ ಮುಖ ಹುಡುಕೋ ಕೆಲಸ ಮುಗೀಲಿ. ಆಮೇಲೆ ನೋಡೋಣ."

ಆ ಆಮೇಲೆ ಎಂಬ ಪದ ವಾರವಿಡೀ ಅಕ್ಕನ ತಲೆಯಲ್ಲಿ ಇರುವೆಯಂತೆ ಹರಿದಾಡಿತು.

ಲೈಬ್ರರಿ ಬಂದ ಕೂಡಲೇ ಎಲ್ಲವೂ ಸುಖವಾಯಿತು ಎಂದುಕೊಳ್ಳಬೇಡಿ. ಅದನ್ನೂ ಅದರ ಬಂಧುಬಳಗವನ್ನೂ ಅಜ್ಜನ ಮೇಲೆ ಇಳಿಸಿದಾಗ ಅಜ್ಜ ಒಮ್ಮೆ ಜೋರಾಗಿ ಉಸಿರೆಳೆದು ಅಲ್ಲೇ ನಿಂತುಬಿಟ್ಟಿತು. ಪರದೆಯ ಮೇಲೆ ಮೌಸಿನ ಬಾಣವೂ ಅಲುಗಲಿಲ್ಲ.

ತಮ್ಮ ತಲೆ ಕೆರೆದುಕೊಂಡ. "ನೀನು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ ಅಕ್ಕ."

"ವಂಶಾವಳಿ ತೆಗಿ," ಎಂದಳು ಅಕ್ಕ. ಈ ಸಲ ಓದಿದ್ದು ಹೊರಗೆ ಹಾಕುವುದಕ್ಕಲ್ಲ, ಯಾರು ನಿಜಕ್ಕೂ ಬೇಕು ಎಂದು ನೋಡುವುದಕ್ಕೆ. ಇಬ್ಬರೂ ಮೇಜಿನ ಒಂದೇ ಬದಿಗೆ ಕೂತರು. ಮುಖ ಹುಡುಕುವ ಕೆಲಸಕ್ಕೆ ಬೇಕಾದದ್ದು ಆ ಲೈಬ್ರರಿ, ಮತ್ತೆ ಲೆಕ್ಕದ್ದೊಂದು. ಮಿಕ್ಕವೆಲ್ಲ ಊಟದ ಹೊತ್ತಿಗೆ ಬಂದು ಎಲೆ ಮುಂದೆ ಕೂತವು. ಲೈಬ್ರರಿ ಬರೆದಾಕೆ ದೂರದೂರಿನ ಒಬ್ಬ ಪಶುವೈದ್ಯೆ. ಮೊದಲು ದನಗಳ ಮುಖ ಗುರುತಿಸಲು ಬರೆದದ್ದಂತೆ. ಮಿಕ್ಕವನ್ನು ಬೇರ್ಪಡಿಸಿ ಕೊಡಬಹುದೇ ಎಂದು ಅಕ್ಕ ಆಕೆಯನ್ನು ಕೇಳಿದಳು, ಹೇಗೆ ಮಾಡಬಹುದೆಂದು ತಮ್ಮ ಬರೆದು ತೋರಿಸಿದ. ಆಕೆ ಸಂತೋಷದಿಂದ ಒಪ್ಪಿದಳು. ಸಮ ಬೆಸ ಹೇಳುವ ಲೈಬ್ರರಿ ಒಳಗೆ ಹೇಗೆ ಬಂತೆಂದು ತನಗೂ ಗೊತ್ತಿಲ್ಲ ಎಂದು ಉತ್ತರ ಬರೆದಳು.

"ಆದರೂ ಮನೆಯೊಳಗೆ ಬೇಡ," ಎಂದಳು ಅಕ್ಕ.

ತಮ್ಮ ಅವಳ ಮುಖ ನೋಡಿದ.

"ಪೂರ್ತಿ ಕೇಳೋ. ಒಳಗೆ ಬೇಡ, ಜಗಲೀಲಿ ಕೂರಲಿ. ಫೋಟೋ ಬೇಕಾದವರು ಕರೆದುಕೊಳ್ಳಲಿ, ಬೇಡದವರ ಕಂಪ್ಯೂಟರಿಗೆ ಅದರ ಗಾಳಿಯೂ ಸೋಕಬಾರದು. ಮತ್ತೆ ನಾವು ಪರೀಕ್ಷೆ ಮಾಡಿದ ವರ್ಷನ್ ಯಾವುದೋ ಅದೇ ಇರಬೇಕು. ಅವರು ಅಲ್ಲಿ ಬದಲಾಯಿಸಿದರು ಅಂತ ಇಲ್ಲಿ ತಾನೇ ಬದಲಾಗೋ ಹಾಗಿಲ್ಲ."

"ಅಷ್ಟು ಸಾಕು. ಅದನ್ನ ನೋಡ್ಕೊಳ್ಳೋ ಜವಾಬ್ದಾರಿ ನಂದು," ಎಂದ ತಮ್ಮ.

ಮುಂದಿನ ಭಾನುವಾರ ಗಡಿಯಾರದ ಕೆಳಗೆ ನಿಂತ ಅಷ್ಟೂ ಚಾಲಕರನ್ನು ಮತ್ತೆ ಅಜ್ಜನಿಗೆ ಒಪ್ಪಿಸಿದರು. ಅಜ್ಜ ನಿಧಾನವಾಗಿ, ವೀಳ್ಯ ಜಗಿದಂತೆ ಒಂದೊಂದನ್ನೇ ಜಗಿದು ಹೊರಗೆ ಹಾಕಿತು. ಮೀಸೆಯವರು, ಬೋಳುತಲೆಯವರು, ಎಲ್ಲರೂ ತಮ್ಮ ತಮ್ಮ ಮುಖದಲ್ಲೇ ಬಂದರು. ಅಮ್ಮ ಪ್ರತಿಯೊಂದನ್ನೂ ಕನ್ನಡಕ ಏರಿಸಿ ತಿರುವಿ ನೋಡಿದಳು. "ಒಂದು ಗಂಟೆಯೂ ಹೊಡೀಲಿಲ್ಲ," ಎಂದು ತೀರ್ಪು ಕೊಟ್ಟು ಚಹಾ ತರಲು ಹೋದಳು.

ಕೆಲಸ ಮುಗಿದಿತ್ತು. ಇನ್ನು ಉಳಿದದ್ದು ಆ ಆಮೇಲೆ.

"ಬೇರೆ ಮನೆ ಕಟ್ಟಾಯ್ತಾ?" ಎಂದು ಅಕ್ಕ ಕೇಳಿದಳು. ತಮಾಷೆಯಂತೆ ಕೇಳಬೇಕೆಂದಿದ್ದಳು, ದನಿ ಸಹಕರಿಸಲಿಲ್ಲ.

ತಮ್ಮನ ಕಿವಿ ಕೆಂಪಗಾಯಿತು. "ಕಟ್ಟಿ ತುಂಬಾ ದಿನ ಆಯ್ತು. ಇವತ್ತು ಅಳಿಸಿಬಿಡೋಣ ಅಂತಿದ್ದೆ. ನೀನು ನೋಡೋದೇನೂ ಬೇಡ."

ಬೇಡ ಎಂದರೆ ಅಕ್ಕ ಬಿಡುವವಳೇ? ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿದಳು. ಪುಟದ ಮೇಲೆ ಅವನು ಇಟ್ಟ ಹೆಸರಿತ್ತು: ಅಕ್ಕನಿಗೆ ಬೇಡವಾದದ್ದು.

ಒಳಗೆ ಅವನು ಇಷ್ಟು ವರ್ಷ ತಂದು ತಂದು ಇಲ್ಲವೆನ್ನಿಸಿಕೊಂಡದ್ದೆಲ್ಲ ಇತ್ತು. ಕಾರ್ಡಿನ ಅಂಚಿಗೆ ಬಳ್ಳಿ ಬಿಡಿಸುವುದು, ಅಕ್ಷರಗಳನ್ನು ಬಿಲ್ಲಿನಂತೆ ಬಾಗಿಸುವುದು, ಕಣ್ಣು ಮಂದವಾದವರಿಗೆ ದಪ್ಪಕ್ಷರದಲ್ಲಿ ಅಚ್ಚು ಹಾಕುವುದು. ಒಂದನ್ನೂ ಎಸೆದಿರಲಿಲ್ಲ. ಪಡಿಯಚ್ಚಿನ ಹೊಸ ವರ್ಷನ್ ಬಂದಾಗಲೆಲ್ಲ ಅದಕ್ಕೆ ಹೊಂದುವಂತೆ ಮತ್ತೆ ಮತ್ತೆ ತಿದ್ದಿ, ಯಾವಾಗ ಕರೆದರೂ ಬರುವಂತೆ ತಯಾರಾಗಿಟ್ಟಿದ್ದ. ಒಂದೊಂದರ ಕೆಳಗೂ ಅವಳ ಉತ್ತರವನ್ನು ಹಾಗೇ ಉಳಿಸಿದ್ದ. ಬೇಡ. ಬೇಡ. ಬೇಡ. ತಾನು ಇಷ್ಟು ಸಲ, ಇಷ್ಟು ಚಿಕ್ಕದಾಗಿ ಬರೆದಿದ್ದೇನೆಂದು ಅಕ್ಕನಿಗೆ ನೆನಪೇ ಇರಲಿಲ್ಲ.

ಎಲ್ಲಕ್ಕಿಂತ ಕೊನೆಯದು ಅವನದಾಗಿರಲಿಲ್ಲ. "ಗಡಿಯಾರ ಹುಡುಕುವುದು. ಬರೆದವರು: ಅಕ್ಕ," ಎಂದಿತ್ತು. ಅದರ ಕೆಳಗೆ ತಮ್ಮ ಬರೆದ ಮಾತು: "ಹೊರಗಿನ ಒಂದು ಲೈಬ್ರರಿಯೂ ಇಲ್ಲದೆ ಬರೆದದ್ದು. ತುಂಬ ಚೆನ್ನಾಗಿದೆ. ಇರಲಿ."

"ಇದನ್ನ ನಾನು ಅಳಿಸಿದ್ದೆನಲ್ಲೋ," ಎಂದಳು ಅಕ್ಕ.

"ನೀನು ಅಳಿಸಿದೆ. ನಾನು ಎತ್ತಿಟ್ಟೆ."

"ಇದು ಯಾರಿಗೋ ಬೇಕು?"

"ಯಾರಿಗಾದ್ರೂ ಬೇಕಾಗುತ್ತೆ ಬಿಡು. ಒಂದು ವಾರ ಕೂತು ಬರೆದದ್ದಲ್ವಾ, ಬಿಸಾಕೋಕೆ ಮನಸ್ಸು ಬರಲಿಲ್ಲ."

ಅಕ್ಕನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಎರಡು ಗಂಟೆಯ ಆ ಚಾಲಕನ ನೆನಪಾಗಿ ನಗುವೂ ಬಂತು. ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು. ಚಹಾ ಹಿಡಿದು ಬಂದ ಅಮ್ಮ ಇಬ್ಬರನ್ನೂ ನೋಡಿ, "ಏನಾಯ್ತೋ ಇವಳಿಗೆ? ಪುಟ್ಟ, ಏನಂದ್ಯೋ ಅಕ್ಕನಿಗೆ?" ಎಂದು ಗದರಿದಳು.

"ನಾನೇನೂ ಅಂದಿಲ್ಲಮ್ಮಾ! ಅಳಿಸ್ತೀನಿ ಅಂದೆ ಅಷ್ಟೇ."

"ಮುಟ್ಟಿದರೆ ನೋಡು," ಎಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತ. "ಅಳಿಸಬೇಡ. ಹೆಸರು ಮಾತ್ರ ಬದಲಾಯಿಸು. ಜಗಲಿ ಅಂತ ಇಡು."

ಅವನು ಹೆಸರು ಬದಲಾಯಿಸಿದ. ಅಕ್ಕ ಕುರ್ಚಿ ಎಳೆದುಕೊಂಡು ಅವನ ಪಕ್ಕಕ್ಕೆ ಬಂದಳು. ಮಣಿಕಟ್ಟಿಗೆ ಇವತ್ತು ರಜೆ ಎಂದು ಹೇಳಿ ಮೌಸನ್ನು ಅವನ ಕೈಯಿಂದ ತೆಗೆದುಕೊಂಡಳು. ಪುಟದ ಮೇಲ್ತುದಿಗೆ ಹೋಗಿ ಎಲ್ಲಕ್ಕಿಂತ ಹಳೆಯದಾದ ಬಳ್ಳಿಯ ಅಂಚನ್ನು ತೆರೆದಳು. ಅದರ ಕೆಳಗಿದ್ದ ತನ್ನ ಒಂದು ಪದವನ್ನು ಅಳಿಸಿ, ಆ ಜಾಗದಲ್ಲಿ ಬರೆದಳು: "ಇದಕ್ಕೆ ಏನೇನು ಬೇಕಾಗುತ್ತೆ ಹೇಳು. ಕೂತು ನೋಡೋಣ."